ನೀಲಿ ಆರಿದ ಮೇಲೆ

ಅಮ್ಮ ತೀರಿಕೊಂಡ ಮೇಲೂ ಅಪ್ಪ ಮಗ್ಗ ನಿಲ್ಲಿಸಲಿಲ್ಲ. ಮೊಳಕಾಲ್ಮೂರಿನ ನಮ್ಮ ಬೀದಿಯವರೆಲ್ಲ ರಂಗಯ್ಯ ಗಟ್ಟಿ ಮನುಷ್ಯ ಅಂದರು. ಸಾವಿನ ಮನೆಗೆ ಬಂದವರು ಯಾರನ್ನಾದರೂ ಹೊಗಳದೆ ಎದ್ದು ಹೋಗುವುದಿಲ್ಲ. ನನಗೆ ಮಾತ್ರ ಆ ಗಟ್ಟಿತನ ನೋಡಿ ಭಯವಾಯಿತು.

ನಾವು ನೇಯುವ ಸೀರೆಯ ಒಡಲು ಒಂದು ಬಣ್ಣ, ಅಂಚು ಇನ್ನೊಂದು. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ನೇಯಲು ಮಗ್ಗಕ್ಕೆ ಇಬ್ಬರು ಬೇಕು. ಅಪ್ಪ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತರೆ, ಅಮ್ಮ ಬೊಮ್ಮಕ್ಕ ಪಕ್ಕದಲ್ಲಿ ಕೂತು ಅಂಚಿನ ಲಾಳಿ ಹಾಕುತ್ತಿದ್ದಳು. ಜಗಳವಾಡಿದ ದಿನವೂ ಹಾಕುತ್ತಿದ್ದಳು. ಬಾಯಿ ಬೈಯುತ್ತಿತ್ತು, ಕೈ ಲಾಳಿ ಕೊಡುತ್ತಿತ್ತು. ಈಗ ಆ ಜಾಗದಲ್ಲಿ ಪಕ್ಕದ ಮನೆಯ ಚಿಕ್ಕಮ್ಮ ರಾಧಮ್ಮ ಬಂದು ಕೂರುತ್ತಾಳೆ. ಆದರೆ ಮಗ್ಗದ ಮೇಲಿದ್ದ ಹಾಸು, ಉದ್ದಕ್ಕೆ ಬಿಗಿದ ಆ ಎಳೆಗಳೆಲ್ಲ, ಅಮ್ಮನದು. ಹಳೇ ಹಾಸಿನ ತುದಿಗಳಿಗೆ ಹೊಸ ಹಾಸಿನ ಒಂದೊಂದು ಎಳೆಯನ್ನೂ ಬೂದಿ ಮುಟ್ಟಿದ ಬೆರಳಲ್ಲಿ ಹೊಸೆದು ಸೇರಿಸಿದವಳು ಅವಳು. ಅದು ಇರುವ ತನಕ ಅಪ್ಪ ನೇಯುತ್ತಾನೆ. ಮುಗಿದ ಮೇಲೆ ಏನು ಮಾಡುತ್ತಾನೆ?

ಅದೇ ಯೋಚನೆ ಹೊತ್ತುಕೊಂಡು ಕುದಾಪುರಕ್ಕೆ ವಾಪಸಾದೆ. ಅಲ್ಲಿಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ಸಿನಲ್ಲಿ ನಾನು ಬೆಳಕಿನ ಮೇಲೆ ಸಂಶೋಧನೆ ಮಾಡುತ್ತೇನೆ. ಹೆಸರು ದೊಡ್ಡದು, ಕೆಲಸವೆಲ್ಲ ಉಗುರಿನಷ್ಟು ಹರಳಿನ ಚೂರಿನಲ್ಲಿ. ಅದರೊಳಗೆ ಹಾಸಿನ ಎಳೆಗಳ ಹಾಗೆ ಒತ್ತೊತ್ತಾಗಿ ಬೆಳಕು ಹರಿಯುವ ಕಾಲುವೆಗಳಿವೆ. ಒಂದು ಕಾಲುವೆಗೆ ಬಿಳಿ ಬೆಳಕು ಬಿಟ್ಟರೆ ಅದು ಅಲ್ಲೇ ಇರುವುದಿಲ್ಲ, ಅಕ್ಕಪಕ್ಕಕ್ಕೆ ಸೋರುತ್ತದೆ. ಕೆಂಪು ಎಲ್ಲಕ್ಕಿಂತ ಬೇಗ ಸೋರಿ ದೂರ ಹೋಗುತ್ತದೆ, ನೀಲಿ ಮಧ್ಯದಲ್ಲೇ ಸುಳಿದಾಡುತ್ತದೆ. ಬಿಳಿಯಾಗಿ ಒಳಹೋದದ್ದು ಚೆದುರಿ ಬಣ್ಣಬಣ್ಣವಾಗಿ ಹೊರಬರುತ್ತದೆ.

ನೀಲಿಯನ್ನು ಜೋರು ಮಾಡಿದರೆ ಕಥೆ ಬೇರೆ. ಅದು ಹರಳಿನ ಗುಣವನ್ನೇ ಬದಲಿಸಿ, ತನಗೊಂದು ದಾರಿ ಮಾಡಿಕೊಂಡು, ಒಂದೇ ಕಾಲುವೆಯಲ್ಲಿ ನಿಲ್ಲುತ್ತದೆ. ಕೆಂಪಿಗೆ ಆ ಶಕ್ತಿಯಿಲ್ಲ. ಎಷ್ಟು ಜೋರಾಗಿ ಬಂದರೂ ನಮ್ಮ ಹರಳು ಅದಕ್ಕೆ ಸೊಪ್ಪು ಹಾಕುವುದಿಲ್ಲ. ನೀಲಿ ಮಾಡಿಟ್ಟ ದಾರಿ ಸಿಕ್ಕರೆ ಮಾತ್ರ ಅದೂ ಹರಡದೆ ನಿಲ್ಲುತ್ತದೆ. ಆಗ ಎಲ್ಲ ಬಣ್ಣವೂ ಸೇರಿ ಆಚೆ ತುದಿಯಲ್ಲಿ ಒಂದೇ ಬಿಳಿ ಚುಕ್ಕೆ ಕಾಣುತ್ತದೆ.

ನನ್ನ ಗೈಡ್ ಪ್ರದೀಪ್ ಸರ್ ಒಂದು ಮಧ್ಯಾಹ್ನ ನೀಲಿ ದೀಪವನ್ನು ಆರಿಸಿ ನೋಡಲು ಹೇಳಿದರು. ಆರಿಸಿದೆ. ಕೆಂಪು ಇದ್ದಲ್ಲೇ ನಿಂತಿತ್ತು. ಹರಳಿಗೆ ನೆನಪಿದೆ ಎಂದು ಸರ್ ಖುಷಿಯಿಂದ ಎಲ್ಲರಿಗೂ ಟೀ ತರಿಸಿದರು. ಟೀ ಕುಡಿಯುತ್ತಲೇ ಉಳಿದದ್ದನ್ನೂ ಹೇಳಿದರು: ಕತ್ತಲಲ್ಲಿ ಸುಮ್ಮನೆ ಇಟ್ಟರೆ ಆ ದಾರಿ ಬಹಳ ಕಾಲ ಉಳಿಯುತ್ತದೆ, ಆದರೆ ಕೆಂಪಿಗೆ ದಾರಿ ಮಾಡುವ ಶಕ್ತಿಯಿಲ್ಲದಿದ್ದರೂ ಅದು ಹಾದಷ್ಟೂ ದಾರಿ ಸವೆಯುತ್ತದೆ. ಅವರಿಗೆ ಅದು ಒಂದು ಒಳ್ಳೆಯ ಪ್ರಬಂಧ. ನಾನು ಕಾರಿಡಾರಿಗೆ ಹೋಗಿ ಅತ್ತೆ. ಹರಳಿನ ಚೂರಿಗೆ ಅಳುವಷ್ಟು ಹುಚ್ಚಿಯಲ್ಲ ನಾನು. ಅಪ್ಪ ನೇಯುತ್ತಿದ್ದ, ನೇಯ್ದಷ್ಟೂ ಅಮ್ಮನ ಹಾಸು ತೀರುತ್ತಿತ್ತು.

ಆ ಶನಿವಾರ ಊರಿಗೆ ಹೋದಾಗ ಹಾಸು ಇನ್ನೇನು ಮುಗಿಯುವುದರಲ್ಲಿತ್ತು. ಹಾಸಿನ ಕೊನೆಯ ಸೀರೆ ಮುಗಿದಾಗ ನೇಕಾರರು ಅದನ್ನು ಕತ್ತರಿಸಿ ತೆಗೆದು, ಉಳಿದ ಎಳೆಗಳ ತುದಿಯನ್ನು ಬಾಚಣಿಗೆಯಂಥ ಹಣಿಗೆಯಲ್ಲೇ ಬಿಡುತ್ತಾರೆ. ಹೊಸ ಹಾಸನ್ನು ಆ ತುದಿಗಳಿಗೇ ಹೊಸೆಯುವುದು. ತುದಿ ಕಿತ್ತರೆ ಮಗ್ಗ ಬರೀ ಮರ. ನಮ್ಮ ಬೀದಿಯಲ್ಲಿ ತುದಿ ಕಿತ್ತವರು ಯಾರೂ ಮತ್ತೆ ಸಾವಿರಾರು ಎಳೆಗಳನ್ನು ಒಂದೊಂದಾಗಿ ಪೋಣಿಸಲಿಲ್ಲ. ಅವರ ಮಗ್ಗಗಳು ಬಚ್ಚಲ ಒಲೆ ಸೇರಿದವು. ಅಪ್ಪನಿಗೆ ನೇಯುವುದು ಬಿಟ್ಟರೆ ಬದುಕಲು ಬೇರೆ ನೆಪವಿರಲಿಲ್ಲ. ಹಾಗಾಗಿ ಹೊಸ ಹಾಸು ನಾನೇ ತರುತ್ತೇನೆ, ಚಿಕ್ಕಮ್ಮ ಹೊಸೆದುಕೊಡಲು ಒಪ್ಪಿದ್ದಾಳೆ ಎಂದು ಅವನಿಗೆ ಹೇಳಿದೆ.

"ತುದಿ ಮಾತ್ರ ಕೀಳ್ಬೇಡ ನಾಯ್ನ," ಎಂದೆ. ಮನೆಯಲ್ಲಿ ನಮ್ಮದು ತೆಲುಗು ಕನ್ನಡ ಎರಡೂ. ಅಪ್ಪನನ್ನು ಕರೆಯುವುದು ನಾಯ್ನ ಎಂದೇ.

ಅಪ್ಪ ಹೂಂ ಅಂದ. ಅಮ್ಮ ಹೋದ ಮೇಲೆ ಮೊದಲ ಸಲ ನನ್ನ ಕೆಲಸ ಹೇಗೆ ನಡೆದಿದೆ ಎಂದು ಕೇಳಿದ. ನೀಲಿ ಕೆಂಪಿನ ಕಥೆ ಅವನಿಗೆ ಮೊದಲೇ ಗೊತ್ತಿತ್ತು, ಈಗ ನೀಲಿಯನ್ನು ಆರಿಸಿದ್ದು ಹೇಳಿದೆ.

"ಕೆಂಪು ಏನಾತು?"

"ನಿಂತೈತೆ."

"ಒಂದೇನಾ?"

"ಹೂಂ, ಒಂದೇ ನಿಂತೈತೆ."

ಸವೆಯುವ ಸಂಗತಿಯನ್ನು ನುಂಗಿಕೊಂಡೆ. ಅಪ್ಪ ಸ್ವಲ್ಪ ನಕ್ಕ ಹಾಗೆ ಕಂಡಿತು. ಅಷ್ಟಕ್ಕೇ ನನ್ನ ಆಸೆ ಚಿಗುರಿತು.

ಮುಂದಿನ ವಾರ ಲ್ಯಾಬಿನಲ್ಲಿ ಕೆಂಪು ಜಾರತೊಡಗಿತು. ದಿನ ಕಳೆದಂತೆ ಮಧ್ಯದ ಕಾಲುವೆ ಮಂಕಾಯಿತು, ಎರಡೂ ಪಕ್ಕಕ್ಕೆ ಕೆಂಪು ಹರಡಿಕೊಂಡಿತು. ಸರ್ ಚಿತ್ರ ತೆಗೆಸಿದರು. ನಾನು ರೇಷ್ಮೆ ಹಾಸನ್ನು ಮಡಿಲಲ್ಲಿಟ್ಟುಕೊಂಡು ಚಳ್ಳಕೆರೆಯಲ್ಲಿ ಬಸ್ಸು ಬದಲಿಸಿ ಊರಿಗೆ ಹೋದೆ.

ರಾಧಮ್ಮ ಚಿಕ್ಕಮ್ಮ ಜಗಲಿಯಲ್ಲಿ ಕೂತಿದ್ದಳು. ನನ್ನ ಕೈಯಲ್ಲಿದ್ದ ಗಂಟು ನೋಡಿ ಮುಖ ತಿರುಗಿಸಿದಳು. ಒಳಗೆ ಮುಗಿದ ಸೀರೆ ಮಡಿಸಿಟ್ಟಿತ್ತು. ಹಣಿಗೆಯಲ್ಲಿ ಒಂದೆಳೆಯೂ ಇರಲಿಲ್ಲ, ಅದರ ಸಂದಿಯಿಂದ ಕಿಟಕಿಯ ಬೆಳಕು ಕಾಣುತ್ತಿತ್ತು. ಕಿತ್ತ ಎಳೆಗಳೆಲ್ಲ ಅಮ್ಮನ ಫೋಟೋದ ಮುಂದೆ ಒಂದು ಸಿಂಬೆಯಾಗಿ ಬಿದ್ದಿದ್ದವು.

ನನಗೆ ಮೊದಲು ಬಂದದ್ದು ಸಿಟ್ಟು. ಮಾತು ಕೊಟ್ಟು ಹೀಗೆ ಮಾಡಬಹುದಾ, ಇನ್ನು ಈ ಮರ ಇಟ್ಟುಕೊಂಡು ಏನು ಮಾಡುತ್ತೀಯ ಎಂದು ಬಾಯಿಗೆ ಬಂದಂತೆ ಬೈದೆ. ಅಪ್ಪ ಗೋಡೆಗೆ ಒರಗಿ ನಿಂತು ಎಲ್ಲವನ್ನೂ ಕೇಳಿದ.

"ಅವಳ ಎಳೆಗೆ ಇನ್ನೊಬ್ರು ಎಳೆ ಹೊಸೆಯೋದನ್ನ ನನ್ ಕೈಲಿ ನೋಡಾಕಾಗಲ್ಲ ಕಣಮ್ಮ," ಎಂದ. ಆಮೇಲೆ ಕೇಳಿದ, "ನಿನ್ನ ಕೆಂಪು ಇನ್ನೂ ನಿಂತೈತಾ?"

ಇನ್ನೊಂದು ಸಲ ಮುಚ್ಚಿಡಲು ನನ್ನಲ್ಲಿ ಶಕ್ತಿಯಿರಲಿಲ್ಲ.

"ಇಲ್ಲ ನಾಯ್ನ. ಹರಡ್ಕೊಂಡು ಹೋತು."

ಅಪ್ಪ ತಲೆಯಾಡಿಸಿದ. ಆಮೇಲೆ ಎಲ್ಲಿ ಕೂರಬೇಕೆಂದು ತಿಳಿಯದವನ ಹಾಗೆ ಮನೆಯನ್ನೆಲ್ಲ ಒಮ್ಮೆ ನೋಡಿ, ಎಳೆಯಿಲ್ಲದ ಮಗ್ಗದ ಗುಂಡಿಗೇ ಕಾಲು ಇಳಿಬಿಟ್ಟು ಕೂತ. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದ.