ಗಂಜಿ ತುಂಬಿದ ಪಾತ್ರೆ

ನಾನು ಹುಟ್ಟಿದ್ದು ಡಾಂಬರಿನ ಡ್ರಮ್ಮಿನ ಹೊಟ್ಟೆಯಿಂದ. ಬೀದರಿನ ಕಮ್ಮಾರ ಮೌಲಾಸಾಬ ಅದರ ತಗಡು ಕತ್ತರಿಸಿ, ಬಡಿದು ಗುಂಡಗೆ ಮಾಡಿ, ತುಕ್ಕು ಹಿಡಿಯದಿರಲೆಂದು ಕಪ್ಪಾಗುವವರೆಗೆ ಸುಟ್ಟ. "ಇದಕ್ಕ ಹಿಡಿನೂ ಇಲ್ಲ. ಏನ್ ಮಾಡ್ತೀರವ್ವಾ?" ಎಂದು ಕೇಳಿದ. ತಲೆ ಬೋಳಿಸಿ ಕಾವಿ ಉಟ್ಟಿದ್ದ ಉಪ್ಪಲಾ ಅಮ್ಮನವರು, "ಭಿಕ್ಷಾ ಬೇಡ್ತೀನಪ್ಪ" ಎಂದರು. ಹುಟ್ಟುತ್ತಲೇ ಭಿಕ್ಷೆಯ ಪಾಲಾದೆನಲ್ಲ ಎಂದು ನನಗೆ ಭಾರಿ ಅವಮಾನವಾಯಿತು.

ಆ ಭಾಗ್ಯವೂ ಸುಲಭದ್ದಲ್ಲವೆಂದು ಆಮೇಲೆ ತಿಳಿಯಿತು. ಅಮ್ಮನವರು ಬೌದ್ಧ ಸನ್ಯಾಸಿನಿಯಾಗಿದ್ದರೂ ಪೂರ್ಣ ದೀಕ್ಷೆಯ ಭಿಕ್ಖುನಿ ಆಗಿರಲಿಲ್ಲ. ಆ ದೀಕ್ಷೆಗೆ ಭಿಕ್ಖುನಿಯರ ಸಂಘವೇ ಸೇರಬೇಕು. ಈ ಕಡೆ ಆ ಪರಂಪರೆ ಎಂದೋ ಕಡಿದುಹೋಗಿತ್ತು. "ಭಿಕ್ಖುನಿಯರು ಬಂದ ದಿನ ದೀಕ್ಷೆಗೆ ಸ್ವಂತ ಪಾತ್ರೆ ಇರಬೇಕು" ಎಂದು ಅಮ್ಮನವರು ನನ್ನನ್ನು ಗೂಡಿನಲ್ಲಿ ಇಟ್ಟರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುತ್ತಾರೆ. ನಮ್ಮ ವಿಹಾರದಲ್ಲಿ ಹಿಟ್ಟೂ ಕಡಿಮೆ, ಜುಟ್ಟಂತೂ ಯಾರಿಗೂ ಇರಲಿಲ್ಲ. ನಾನು ಖಾಲಿಯಾಗಿ ಕಾದೆ. ಅಮ್ಮನವರೂ ಕಾದರು, ಮುದುಕಿಯಾದರು.

ಅಷ್ಟರಲ್ಲಿ ಚಿಟಗುಪ್ಪಾದ ಕಡೆಯ ಹುಡುಗಿ ಸುಮೇಧಾ ಶಿಷ್ಯೆಯಾಗಿ ಬಂದಳು. ಅಮ್ಮನವರಿಗೆ ಲಕ್ವಾ ಹೊಡೆದು ನಾಲಿಗೆ ಬಿದ್ದುಹೋದಾಗ ಉಣಿಸಿ, ತೊಳೆದು, ಮಗ್ಗುಲು ಬದಲಿಸಿದವಳು ಅವಳೇ. ಒಂದು ಬೆಳಿಗ್ಗೆ ಅಮ್ಮನವರು ಸರಿಯಿದ್ದ ಕೈಯಿಂದ ನನ್ನನ್ನು ಎಳೆದುಕೊಂಡು ಅವಳ ಕಡೆ ತಳ್ಳಿದರು. ನನ್ನನ್ನು ಅವಳಿಗೆ ಕೊಡುತ್ತಿದ್ದಾರೆಂದು ನನಗೆ ಅರ್ಥವಾಯಿತು. ಆ ಪೆದ್ದಿಗೆ ಆಗಬೇಕಲ್ಲ!

"ಹಸಿವಾಗ್ಯಾದೇನವ್ವಾ?" ಎಂದು ಓಡಿಹೋಗಿ ಜೋಳದ ಗಂಜಿ ತುಂಬಿ ತಂದಳು. ಅಮ್ಮನವರು ಗಂಜಿ ನೋಡಿದರು, ಮತ್ತೆ ತಳ್ಳಿದರು. "ಇನ್ನೊಂಚೂರ ಬೇಕೇನು?" ಎಂದು ಮತ್ತಷ್ಟು ಸುರಿದಳು. ಅಮ್ಮನವರ ಕಣ್ಣಲ್ಲಿ ನೀರು ಬಂತು. ಸೋತು, ಕುಡಿದರು. ಮರುದಿನ ತೀರಿಕೊಂಡರು.

ಅದಾದ ಮೇಲೆ, ನೋಡಿ ವಿಧಿಯ ಆಟ, ದೀಕ್ಷೆ ನಮ್ಮ ಬಾಗಿಲಿಗೇ ಬಂತು. ಸಿಂಹಳ, ಥಾಯ್ಲೆಂಡ್, ವಿಯೆಟ್ನಾಂಗಳಿಂದ ಭಿಕ್ಖುನಿಯರು ಬಂದಿಳಿದರು. ಸಂಜೆಯ ರೈಲಿಗೆ ಅವರು ಹೊರಡುವವರು. ಮತ್ತೆ ಯಾವಾಗಲೋ ಯಾರು ಬಲ್ಲರು? ದೀಕ್ಷೆಯ ಪ್ರಶ್ನೆ ಕೇಳಬೇಕಾದವರು ಭದ್ರಾ ಅಯ್ಯೆ; ಭಿಕ್ಖುನಿಯರನ್ನು 'ಅಯ್ಯೆ' ಎಂದೇ ಕರೆಯುವುದು. ಅವರು ನಮ್ಮ ಸೀಮೆಯವರೇ, ಸಿಂಹಳದಲ್ಲಿ ದೀಕ್ಷೆ ಪಡೆದವರು. ಬೆಳಿಗ್ಗೆ ದೀಕ್ಷೆಗೆ ನಿಂತ ಎಲ್ಲರನ್ನೂ ಎಚ್ಚರಿಸಿದರು: "ಕಡ ತಂದ ಪಾತ್ರಿ ನಡ್ಯಾಂಗಿಲ್ಲ. ಪಾತ್ರಿ ಕೊಟ್ಟವರು ಬಾಯಿಬಿಟ್ಟು 'ಕೊಟ್ಟೆ' ಅಂದಿರಬೇಕು. ಸತ್ತವರ ಪಾತ್ರಿ ಸಂಘದ್ದು, ತಿಳೀತಾ?"

ಸುಮೇಧಾ ನನ್ನ ಒಳಕ್ಕೆ ಇಣುಕಿದಳು. ಆಗ ಅವಳಿಗೆ ಆ ಗಂಜಿಯ ನೆನಪಾಯಿತು. ಪಕ್ಕದಲ್ಲಿದ್ದ ವಿಹಾರದ ಗೆಳತಿ ನಂದಾ ಪಿಸುಗುಟ್ಟಿದಳು, "ಪಾತ್ರಿ ಅದನು ಅಂತ ಕೇಳಿದ್ರ ಸುಮ್ನೆ 'ಆಮ', ಹೌದು, ಅನ್ನು. ಯಾರಿಗಿ ಗೊತ್ತಾಗ್ತದ?"

ಸಭೆ ಕೂತಿತು. ಪಾಲಿ ಭಾಷೆಯ ಪ್ರಶ್ನೆಗಳು ಶುರುವಾದವು. ಕುಷ್ಠವಿದೆಯೇ? "ನತ್ಥಿ ಅಯ್ಯೇ", ಇಲ್ಲ. ಮೂರ್ಛೆ ರೋಗವಿದೆಯೇ? "ನತ್ಥಿ ಅಯ್ಯೇ." ತಂದೆತಾಯಿ ಒಪ್ಪಿದ್ದಾರೆಯೇ? "ಆಮ ಅಯ್ಯೇ", ಹೌದು. ಒಂದೊಂದು ಉತ್ತರಕ್ಕೂ ಪಾತ್ರೆಯ ಪ್ರಶ್ನೆ ಹತ್ತಿರವಾಗುತ್ತಿತ್ತು. ಅವಳ ಹೆಗಲಿಗೆ ಜೋತುಬಿದ್ದಿದ್ದ ನನಗೆ ಅವಳ ಎದೆಬಡಿತ ಕೇಳುತ್ತಿತ್ತು. ಅನ್ನು ತಾಯಿ, ಆಮ ಅನ್ನು, ನಾನು ನಿನ್ನವನೇ ಎಂದು ಕೂಗಬೇಕೆನಿಸಿತು. ಕಬ್ಬಿಣಕ್ಕೆ ಬಾಯೆಲ್ಲಿ?

"ಪರಿಪುಣ್ಣಂ ತೇ ಪತ್ತಚೀವರಂ?" ನಿನ್ನ ಪಾತ್ರೆ, ವಸ್ತ್ರ ಪೂರ್ತಿ ಇವೆಯೇ?

ಸುಮೇಧಾ ನನ್ನನ್ನು ಹೆಗಲಿಂದ ಇಳಿಸಿ ಮುಂದಿಟ್ಟಳು.

"ನತ್ಥಿ ಅಯ್ಯೇ."

ಭದ್ರಾ ಅಯ್ಯೆ ಹುಬ್ಬುಗಂಟಿಕ್ಕಿದರು. "ಗಾಬರಿಯಾಗಿ ತಪ್ಪಿದಿ ಏನು?"

"ಇಲ್ರೀ. ಈ ಪಾತ್ರಿ ನಮ್ಮ ಗುರುಗಳದು. ಕೊಟ್ಟೆ ಅಂತ ಹೇಳಲಿಕ್ಕ ಅವರಿಗಿ ನಾಲಿಗಿ ಇರಲಿಲ್ರೀ. ನನ್ನ ಕಡಿ ನೂಕಿದ್ರು. ನಾ ಗಂಜಿ ಹಾಕಿದೆ." ಅಷ್ಟು ಹೇಳುವುದರೊಳಗೆ ಅತ್ತುಬಿಟ್ಟಳು. ಮೊದಲ ಮಾತೇ ಸುಳ್ಳಾದರೆ ಉಳಿದ ಬಾಳಿಗೆ ಬೆಲೆಯೇನು ಎಂದು ಅವಳ ಲೆಕ್ಕ. ನನಗೆ ಅವಳ ಮೇಲೆ ಸಿಟ್ಟು ಬಂತು, ಹೆಮ್ಮೆಯೂ ಬಂತು.

ಭದ್ರಾ ಅಯ್ಯೆ ಸಿಂಹಳದ ಹಿರಿಯ ಭಿಕ್ಖುನಿಯ ಕಿವಿಯಲ್ಲಿ ಎಲ್ಲ ಹೇಳಿದರು. ಹಿರಿಯರು ಏನೋ ಕೇಳಿದರು. ಭದ್ರಾ ಅಯ್ಯೆ ಇತ್ತ ತಿರುಗಿದರು: "ನಿಮ್ಮ ಗುರುಗಳು ಹಾಸಿಗಿ ಹಿಡಿದಾಗ ಹೇಲು ಉಚ್ಚಿ ಬಳಿದವರು ಯಾರು?"

ಸುಮೇಧಾ ಇನ್ನೂ ಕಣ್ಣೊರೆಸಿಕೊಳ್ಳುತ್ತಿದ್ದಳು. ನಂದಾಳೇ ಬಾಯಿ ಹಾಕಿದಳು, "ಇಕಿನೇ ರೀ. ಮತ್ತ್ಯಾರು!"

ಹಿರಿಯರ ಮುಖ ಸಡಿಲವಾಯಿತು. ಸತ್ತವರ ಪಾತ್ರೆ ಸಂಘದ್ದೇ. ಆದರೆ ರೋಗಿಯ ಆರೈಕೆ ಮಾಡಿದವರಿಗೆ ಸಂಘ ಅದನ್ನು ಕೊಡಬೇಕೆಂಬುದೂ ಬುದ್ಧನದೇ ನಿಯಮ. ಕೊಡುವುದು ಬಾಕಿಯಿತ್ತು, ಅಷ್ಟೆ. ಸಂಘದಲ್ಲಿ ಒಪ್ಪಿಗೆ ಎಂದರೆ ಮೌನ. ಒಪ್ಪದವರು ಮಾತ್ರ ಮಾತಾಡಬೇಕು. ಭದ್ರಾ ಅಯ್ಯೆ ಎಲ್ಲರನ್ನೂ ಕೇಳಿ ಕಾದರು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ನನ್ನ ಜೀವ ಬಾಯಿಗೆ ಬಂತು. ಪುಣ್ಯಕ್ಕೆ ಅದು ಬರೀ ಕೆಮ್ಮು.

"ಕೊಟ್ಟೀವಿ" ಎಂದರು ಭದ್ರಾ ಅಯ್ಯೆ. ಪ್ರಶ್ನೆ ಮತ್ತೆ ಬಂತು.

"ಆಮ ಅಯ್ಯೇ!"

ಆಮೇಲೆ ಬೀದರಿನ ಎಷ್ಟೋ ಬೀದಿ ಸುತ್ತಿದೆ. ಬೈಗುಳ ತಿಂದೆ, ರೊಟ್ಟಿಯನ್ನೂ ತಿಂದೆ. ಈಗ ನನ್ನ ತಳ ಸವೆದಿದೆ, ಸುಮೇಧಾಳ ಮಂಡಿ ಸವೆದಿದೆ. ಅವಳಿಗೂ ಒಬ್ಬ ಶಿಷ್ಯೆ ಇದ್ದಾಳೆ, ಇಸಿದಾಸಿ ಎಂದು. ಮೊನ್ನೆ ಸುಮೇಧಾ ಅವಳನ್ನು ಕರೆದು ಎದುರಿಗೆ ಕೂರಿಸಿಕೊಂಡಳು. "ನಾಲಿಗಿ ಇದ್ದಾಗೇ ಹೇಳಬೇಕವ್ವ. ಕೊಟ್ಟೆ" ಎಂದು ನನ್ನನ್ನು ಅವಳ ಕಡೆ ತಳ್ಳಿದಳು.

ಹುಡುಗಿ ಎರಡೂ ಕೈಯಿಂದ ನನ್ನನ್ನು ಎತ್ತಿಕೊಂಡಳು. ಈ ಸಲ ಯಾರೂ ಗಂಜಿ ತರಲು ಓಡಲಿಲ್ಲ.