ಮಾಳಿಗೆಯ ಮೇಲೆ ಸಿಗುವ ರೇಂಜು

ಮಾನಮಿ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಹಿಡಿಯುವ ಮನೆಯಲ್ಲಿ ಒಲೆ ನಸುಕಿನಲ್ಲೇ ಹೊತ್ತುತ್ತದೆ. ಉಜ್ವಲಾ ಹೂರಣಕ್ಕೆ ಬೇಳೆ ಕುದಿಯಲಿಟ್ಟು, ಎಳೆ ಬದನೆಕಾಯಿಗಳನ್ನು ನಾಲ್ಕು ಸೀಳು ಸೀಳುತ್ತ ಕೂತಿದ್ದಳು. ಎದುರಿಗೆ ಹಿಟ್ಟಿನ ಡಬ್ಬಿಗೆ ಆನಿಸಿಟ್ಟ ಫೋನು. ಅದರಲ್ಲಿ ಹೆಸರು 'ಬಳೆಗಾರ ಅಕ್ಕುತಾಯಿ' ಎಂದಿತ್ತು. ಹೆಸರಿನ ಹಿಂದೆ ಮಗಳಿದ್ದಳು.

"ಏನ ಮಾಡಾಕತ್ತೀ ಯವ್ವಾ?"

"ಹೋಳಿಗಿ. ಎಣ್ಣಿಗಾಯಿ."

"ಎಣ್ಣಿಗಾಯಿ ಯಾರಿಗೆ? ಮುತ್ಯಾ ಬದನಿಕಾಯಿ ಕಂಡ್ರ ತಾಟ ಸರಸತಿದ್ದಾ."

ಉಜ್ವಲಾ ಕೈಯಲ್ಲಿದ್ದ ಕಾಯಿಯನ್ನು ಸುಮ್ಮನೆ ತಿರುವಿದಳು. ಆ ಕಡೆ ಪೂನಮಳೇ ನಕ್ಕಳು.

"ನನಗ, ಹೌದಲ್ಲ? ಖಾರ ಚಲೋ ಹಾಕು. ಸತ್ತೇನಿ ಅಂತ ಸಪ್ಪನ ಮಾಡೀದಿ."

ನಗುವ ಮಾತಿಗೆ ನಗಲಾಗದೆ ಉಜ್ವಲಾ ಒಲೆಯ ಉರಿ ಸಣ್ಣದು ಮಾಡಿದಳು. ಹೋದ ವರ್ಷ ಪೂನಮ ಬುದ್ಧವಿಹಾರದ ಓಣಿಯ ವಿಕ್ರಾಂತನನ್ನು ಮದುವೆಯಾಗಿ ಹೊರಟುಹೋದ ದಿನ, ಗಂಡ ಈಶ್ವರ ಹಿತ್ತಲ ಕಲ್ಲಿನ ಮೇಲೆ ನಿಂತು ಉಟ್ಟ ಬಟ್ಟೆಯಲ್ಲೇ ತಲೆಗೆ ತಣ್ಣೀರು ಸುರಿದುಕೊಂಡಿದ್ದ, ಮಣ್ಣಿಗೆ ಹೋಗಿ ಬಂದವರು ಸುರಿದುಕೊಳ್ಳುವ ಹಾಗೆ. ಆಮೇಲೆ ಅವ್ವ ಕಾಳವ್ವನಿಗೆ ಸುರಿದ. ಕಡೆಗೆ ಹೆಂಡತಿಗೆ. ಪಡಸಾಲೆಯಲ್ಲಿ ಮಾವ ಮುರಗೆಪ್ಪನ ಫೋಟೊದ ಪಕ್ಕ ಪೂನಮಳ ಫೋಟೊ ಬಂತು, ಅದಕ್ಕೊಂದು ಮಾಲೆ ಬಂತು. ಆವತ್ತಿನಿಂದ ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ, ಓಣಿಯವರೂ ಎತ್ತಲಿಲ್ಲ. ವಿಕ್ರಾಂತನ ಅಪ್ಪ ಅವ್ವ ಎಷ್ಟೋ ವರ್ಷ ಇವರದೇ ದ್ರಾಕ್ಷಿ ತೋಟದಲ್ಲಿ ಬಳ್ಳಿ ಕತ್ತರಿಸುವ ಚಾಟಣಿ ಮಾಡಿದವರು. ಅವರನ್ನು ಕೆಲಸಕ್ಕೆ ಕರೆಯುವುದೂ ನಿಂತಿತು. ಮಗನಿಗೆ ಕುಡಚಿ ಸ್ಟೇಷನ್ನಿನಲ್ಲಿ ರೇಲ್ವೆ ನೌಕರಿ. ಅವರೂ ಐನಾಪುರ ಬಿಟ್ಟು ಅಲ್ಲಿಗೇ ಹೋದರು.

ಕುಡಚಿ ಎಷ್ಟು ದೂರ? ಕೃಷ್ಣಾ ಹೊಳೆ ದಾಟಿದರೆ ಬಂತು. ಆದರೂ ಉಜ್ವಲಾ ಎರಡು ತಿಂಗಳ ಹಿಂದೆ ಬಸುರಿ ಮಗಳ ಕುಬಸ ಮಾಡಿದ್ದು ಇದೇ ಅಡುಗೆಮನೆಯಲ್ಲಿ, ಇದೇ ಡಬ್ಬಿಗೆ ಫೋನು ಆನಿಸಿಟ್ಟು. ಇವಳು ಹಸಿರು ಬಳೆ ತೋರಿಸಿದ್ದಳು, ಅವಳು ಅಲ್ಲಿ ತಾನೇ ಕೊಂಡುಕೊಂಡ ಬಳೆ ತೊಟ್ಟುಕೊಂಡಿದ್ದಳು.

"ದಿನಾ ತುಂಬ್ಯಾವು," ಪೂನಮಳ ದನಿ ಈಗ ಇಳಿದಿತ್ತು. "ಬ್ಯಾನಿ ಚಾಲೂ ಆದ ಕೂಡ್ಲೆ ಮೊದಲ ನಿನಗ ಫೋನ್ ಹಚ್ಚತೇನಿ. ಬರೂದಂತೂ ಆಗಂಗಿಲ್ಲ ನಿನಗ. ಫೋನ್ಯಾಗರೆ ಮಾತಾಡ್ಕೋತ ಇರು. ಇರ್ತಿ ಹೌದಲ್ಲ?"

"ಇರ್ತೇನಿ."

"ಏನಬೇ ಉಜ್ವಲಾ," ಬಚ್ಚಲಿನಿಂದ ಕಾಳವ್ವನ ಕೂಗು ಬಂತು, "ಆ ಬಳಿಗಾರಕಿ ಜೋಡಿ ಏನ ಅಷ್ಟ ಮಾತ? ನೀ ಹಾಕ್ಕೊಳ್ಳೂ ಬಳಿಗಿಂತ ಮಾತ ಭಾಳ ಆದುವು."

ಉಜ್ವಲಾ ಫೋನು ಮಗುಚಿಟ್ಟಳು.

ಆ ಮನೆಯ ಗೋಡೆಗಳು ಎರಡು ಮೊಳ ದಪ್ಪದ ಮಣ್ಣಿನ ಗೋಡೆಗಳು. ಮೊಬೈಲಿನ ರೇಂಜು ಅಂಗಳದವರೆಗೆ ಹೇಗೋ ಬರುತ್ತದೆ, ಒಳಗೆ ಬರುವುದಿಲ್ಲ. ಮಾತಾಡಬೇಕೆಂದರೆ ಮಾಳಿಗೆ ಹತ್ತಬೇಕು. ಓಣಿಯ ಎಲ್ಲ ಮನೆಗಳದೂ ಇದೇ ಹಣೆಬರಹ. ಮಾಳಿಗೆಗೆ ಮಾಳಿಗೆ ಹತ್ತಿ ನಿಂತಿವೆ. ಯಾರ ಮನೆಗೆ ಕನ್ಯೆ ನೋಡಲು ಬರುತ್ತಾರೆ, ಯಾರ ಅಳಿಯ ಮುನಿಸಿಕೊಂಡಿದ್ದಾನೆ ಎಂಬುದು ಫೋನು ಇಡುವ ಮೊದಲೇ ಎದುರು ಮನೆಯ ಲಗಮವ್ವನಿಗೆ ಗೊತ್ತಾಗಿರುತ್ತದೆ. ಈಶ್ವರನ ಮನೆಗೆ ಮಾತ್ರ ಲಾಕ್‌ಡೌನಿನ ಕಾಲದಲ್ಲಿ ಪೂನಮಳ ಆನ್‌ಲೈನ್ ಕ್ಲಾಸಿಗೆಂದು ಕೇಬಲ್ಲಿನ ಭೀಮಸಿ ಇಂಟರ್ನೆಟ್ಟಿನ ವಾಯರು ಎಳೆದು ವೈಫೈ ಪೆಟ್ಟಿಗೆ ಕೂಡಿಸಿ ಕೊಟ್ಟಿದ್ದ. ವಾಯರು ತರಿಸಿದವಳು ಹೋದ ಮೇಲೂ ವಾಯರು ಉಳಿಯಿತು. ಮಣೂಕದ ಶೆಡ್ಡಿನಲ್ಲಿ ದ್ರಾಕ್ಷಿ ಒಣಗಲು ಹಾಕಿದಾಗ ಕಾಯಲೆಂದು ಈಶ್ವರ ಅದಕ್ಕೊಂದು ಕ್ಯಾಮೆರಾ ಜೋಡಿಸಿಕೊಂಡ. ಕಾಳವ್ವನ ಟೀವಿಗೆ ಕೀರ್ತನೆ ಬಂತು. ಉಜ್ವಲಾಳ ಅಡುಗೆಮನೆಗೆ ಬಾಗಿಲು ಮುಚ್ಚಿಕೊಂಡು ಆಡುವ ಮಾತು ಬಂತು. ತೋಟಕ್ಕೆ ಹೋದರೆ ಗಂಡ, ಆಳುಗಳು. ಅಂಗಡಿಗೆ ಹೋದರೆ ಅತ್ತೆ ಜೊತೆಗೆ. ಅಡುಗೆಮನೆ ಬಿಟ್ಟರೆ ಅವಳಿಗೆ ಬೇರೆ ಜಾಗವೇ ಇರಲಿಲ್ಲ.

ಎಡೆ ಹಿಡಿದು, ಕಾಗೆಗೆ ಇಟ್ಟು, ಮಧ್ಯಾಹ್ನ ಊಟಕ್ಕೆ ಕೂತಾಗ ಭೀಮಸಿಯೂ ಪಂಕ್ತಿಯಲ್ಲಿದ್ದ. ಈಶ್ವರನೇ ಕರೆಸಿದ್ದ. ಉಜ್ವಲಾ ಹೋಳಿಗೆಗೆ ತುಪ್ಪ ಬಡಿಸುತ್ತಿದ್ದಳು.

"ಭೀಮಸಿ, ಆ ವಾಯರ ತಗದ ಒಯ್ಯೋ ಮಾರಾಯಾ," ಎಂದ ಈಶ್ವರ. "ಎಲ್ಲಾರ ಕೈಯಾಗ ಮೊಬೈಲ್ ಐತಿ. ಮೊಬೈಲನ್ಯಾಗ ದಿನಾ ಮುಗೀಲಾರದಷ್ಟ ಡಾಟಾ ಐತಿ. ಮನ್ಯಾಗ ಮತ್ತೊಂದ ಯಾಕ?"

ತುಪ್ಪದ ಮಿಳ್ಳಿ ಅಲ್ಲೇ ನಿಂತಿತು.

"ತಗೀತೇನ್ರಿ ಅಣ್ಣಾ. ಆದರ ನಿಮ್ಮ ಗ್ವಾಡಿ ಅಂದ್ರ ಕಿಲ್ಲೇದ ಗ್ವಾಡಿ. ರೇಂಜ್ ಬಾಗಲತನಾ ಬಂದು ಚಪ್ಪಲಿ ಬಿಟ್ಟು ಹೊರಗ ನಿಲ್ಲತೈತಿ. ಒಳಗ ಬರ್ರಿ ಅಂದ್ರೂ ಬರಂಗಿಲ್ಲ."

"ಮಾತಾಡಾವ್ರು ಮಾಳಗಿ ಹತ್ತಲಿ. ಊರೆಲ್ಲಾ ಹತ್ತತೈತಿ. ಮುಚ್ಚಿಟ್ಟ ಮಾತಾಡೂವಂಥಾದ್ದು ನಮ್ಮ ಮನ್ಯಾಗ ಏನೈತಿ?"

ಈಶ್ವರ ಹೋಳಿಗೆಯನ್ನು ಹಾಲಿನಲ್ಲಿ ಕಲಸುತ್ತಿದ್ದ. ಅವನ ಮುಖ ನೋಡಿ ಏನಾದರೂ ತಿಳಿಯುತ್ತದೆಯೇ ಎಂದು ಉಜ್ವಲಾ ನೋಡಿದಳು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಆ ಮುಖದ ಮೇಲೆ ಅವಳು ಸಿಟ್ಟನ್ನು ಓದಬಲ್ಲಳು, ಹಸಿವನ್ನು ಓದಬಲ್ಲಳು. ಅನುಮಾನ ಹೇಗಿರುತ್ತದೆಂದು ಗೊತ್ತಿರಲಿಲ್ಲ.

"ಶೆಡ್ಡಿನ ಕ್ಯಾಮೆರಾ ಹೆಂಗ್ರಿ?" ಎಂದಳು.

"ಶೆಡ್ ಖಾಲಿ ಬಿದ್ದೈತಿ. ಮಣೂಕ ಹಾಕೂ ಮುಂದ ಸಿಮ್ ಹಾಕೂ ಕ್ಯಾಮೆರಾ ತಂದ್ರಾತು."

"ಅತ್ತಿ ಕೀರ್ತನಿ ಕೇಳ್ತಾರಲ್ರಿ. ಅವರ ಹೊತ್ತ ಹೆಂಗ ಹೋಗಬೇಕ?"

ಇದೊಂದು ಮಾತನ್ನು ಅವಳು ಗಟ್ಟಿಯಾಗಿ ಹಿಡಿದಿದ್ದಳು. ಈಶ್ವರ ಅವ್ವನ ಮಾತು ಮೀರುವವನಲ್ಲ.

"ಏನ್ ಅವ್ವಾ, ನಿನಗ ಬೇಕೇನು?"

ಕಾಳವ್ವ ಸೊಸೆಯ ಕಡೆ ಒಮ್ಮೆ ನೋಡಿ ಅನ್ನದ ಕಡೆ ತಿರುಗಿದಳು. "ನನ್ನ ಹೆಸರ ಯಾಕ ನಡುವ? ಕಿವಿನ ಕೇಳಂಗಿಲ್ಲ ನನಗ. ಕೀರ್ತನಿ ಕಟಗೊಂಡ ಏನ ಮಾಡ್ಲಿ?"

ಒಲೆಯ ಮೇಲಿನ ಹಾಲು ಉಕ್ಕುವ ಮೊದಲೇ ಪಡಸಾಲೆಯಲ್ಲಿ ಕೂತು ಸದ್ದು ಕೇಳಿಯೇ ಎಚ್ಚರಿಸುವ ಮುದುಕಿ ಅವಳು.

ಭೀಮಸಿ ಒಬ್ಬೊಬ್ಬರ ಮುಖ ನೋಡಿ, "ಒಂದ ಕೆಲಸ ಮಾಡೂನ್ರಿ," ಎಂದ. "ಪೆಟಿಗಿ ಇಲ್ಲೇ ಇರ್ಲಿ. ದೀಪಾವಳಿತನಾ ಬಂದ್ ಇಟ್ಟ ನೋಡ್ರಿ. ಯಾರಿಗರೆ ತ್ರಾಸ ಆದ್ರ ಮತ್ತ ಚಾಲೂ ಮಾಡೂನು."

"ಹಾಂ, ಅದ ಖರೆ," ಎಂದ ಈಶ್ವರ. "ಯಾರಿಗೆ ತ್ರಾಸ ಆಗತೈತಿ ನೋಡೂನು."

ಕೈತೊಳೆದು ಬಂದು ತಾನೇ ವಾಯರು ಕಿತ್ತ. ಪೆಟ್ಟಿಗೆಯ ಹಸಿರು ದೀಪ ಆರಿತು. ಗೋಡೆಯ ಮೇಲೆ ಮಾಲೆ ಹಾಕಿಕೊಂಡ ಮಗಳು ನಗುತ್ತಲೇ ಇದ್ದಳು. ಅವಳ ಮುಂದೆ ಎಡೆಯಲ್ಲಿ ಎಣ್ಣೆಗಾಯಿ ಆರುತ್ತಿತ್ತು.

ವಾಯರು ಕಿತ್ತಿದ್ದನ್ನು ಮಗಳಿಗೆ ಹೇಳುವುದಕ್ಕೂ ಮಾಳಿಗೆ ಹತ್ತಬೇಕಾಗಿತ್ತು. ಉಜ್ವಲಾ ಹತ್ತಿದಳು. ಶೇಂಗಾ ಒಣಗಿಸುವ ನೆವ ಸಿಕ್ಕಿತ್ತು. ಆದರೆ ಬುಟ್ಟಿ ಇಳಿಸುವಷ್ಟರಲ್ಲಿ ಎದುರು ಮಾಳಿಗೆಯಿಂದ ಲಗಮವ್ವ, "ಏನ ಉಜ್ವಲಾ, ನೀನೂ ಬಂದ್ಯಾ ನಮ್ಮ ಆಫೀಸಿಗೆ? ನಿಮ್ಮಲ್ಲಿ ಒಳಗ ಸಿಗತಿತ್ತಲ್ಲ?" ಎಂದು ಕೇಳಿದಳು. ಆಚೆ ಮಾಳಿಗೆಯಲ್ಲಿ ಇಬ್ಬರು ಗಂಡಸರು ಗೊಬ್ಬರದ ಮಾತಾಡುತ್ತಿದ್ದರು. ಫೋನು ಒಮ್ಮೆ ಮಹಾರಾಷ್ಟ್ರದ ಟಾವರು ಹಿಡಿದು, ಒಮ್ಮೆ ಬಿಟ್ಟು, ಕೈಯಲ್ಲಿ ಬೆಚ್ಚಗಾಗುತ್ತಿತ್ತು. ಬಳೆಗಾರ ಅಕ್ಕುತಾಯಿಯ ಹೆಸರಿನ ಮೇಲೆ ಬೆರಳಿಟ್ಟಳು, ತೆಗೆದಳು. ಇಲ್ಲಿ ನಿಂತು ಏನೆಂದು ಮಾತಾಡುವುದು? ಬಳೆಯ ಮಾತನ್ನೇ? ಶೇಂಗಾ ಹರವಿ ಇಳಿದುಬಂದಳು. ಮರುದಿನವೂ ಹಾಗೇ ಆಯಿತು. ಅದರ ಮರುದಿನವೂ. ತಾನು ಇಷ್ಟು ಅಂಜುಬುರುಕಿಯೇ ಎಂದು ಅವಳಿಗೆ ಮೊದಲು ಗೊತ್ತಿರಲಿಲ್ಲ. ದಪ್ಪ ಗೋಡೆಯ ಮರೆಯಿದ್ದಾಗ ಅದನ್ನೇ ಧೈರ್ಯವೆಂದುಕೊಂಡಿದ್ದಳು.

ಚಾಟಣಿಯ ಗಡಿಬಿಡಿ ಶುರುವಾಗಿತ್ತು. ಒಂದು ದಿನ ಈಶ್ವರ ತೋಟದಿಂದ ಬೇಗ ಬಂದು ಅಂಗಳದಲ್ಲಿ ಕತ್ತರಿಗಳನ್ನು ಮಸೆಯುತ್ತ ಕೂತಿದ್ದ. ಉಜ್ವಲಾ ಶೇಂಗಾ ಕೈಯಾಡಿಸಲು ಮೇಲೆ ಹೋದಳು. ಕೊನೆಯ ಮೆಟ್ಟಿಲು ಏರಿದ್ದೇ ತಡ, ಸೆರಗಿನಲ್ಲಿದ್ದ ಫೋನು ಟಣ್ ಟಣ್ ಎಂದು ಬಡಿದುಕೊಳ್ಳತೊಡಗಿತು. ತೆಗೆದು ನೋಡಿದಳು. ಅಕ್ಕುತಾಯಿ, ಅಕ್ಕುತಾಯಿ, ಅಕ್ಕುತಾಯಿ. ರಾತ್ರಿಯಿಂದ ನಸುಕಿನವರೆಗೆ ಅದೊಂದೇ ಹೆಸರು. ತಾನು ಇದೇ ಮಾಳಿಗೆಯ ಕೆಳಗೆ, ಫೋನನ್ನು ತಲೆದಿಂಬಿಗೆ ಇಟ್ಟುಕೊಂಡೇ ಮಲಗಿದ್ದಳು.

ಈಗ ಬೆರಳು ತಡೆಯಲಿಲ್ಲ. ಆ ಕಡೆ ಎತ್ತಿದವಳು ಪೂನಮ ಅಲ್ಲ. ಜನರ ಗದ್ದಲ, ಯಾವುದೋ ಗಾಡಿಯ ಸದ್ದು.

"ಯಾರ್ರಿ?"

ದನಿ ಗುರುತು ಸಿಕ್ಕಿತು. ವಿಕ್ರಾಂತನ ಅವ್ವ ಸುಂದರಾ. ವರ್ಷಗಟ್ಟಲೆ ಉಜ್ವಲಾ ಅವಳಿಗೆ ಹಿತ್ತಲ ಬಾಗಿಲಲ್ಲಿ ಚಹಾ ಕೊಟ್ಟಿದ್ದಳು, ಬೇರೆ ಕಪ್ಪಿನಲ್ಲಿ.

"ನಾನು... ಅಕಿ ಅವ್ವ," ಎಂದಳು ಪಿಸುದನಿಯಲ್ಲಿ.

"ಯಾರು? ಕೇಳವಲ್ದ್ರಿ. ದವಾಖಾನ್ಯಾಗ ಗದ್ಲ ಐತಿ, ಜೋರ ಮಾತಾಡ್ರಿ."

ಲಗಮವ್ವ ಮೊರ ಕೆಳಗಿಟ್ಟು ನೋಡುತ್ತಿದ್ದಳು. ಅಂಗಳದಲ್ಲಿ ಕತ್ತರಿ ಮಸೆಯುವ ಸದ್ದು ಸರ್ ಸರ್ ಎಂದು ಏರಿ ಬರುತ್ತಿತ್ತು.

"ಹಲೋ? ಯಾರ ಬೇಕಾಗಿತ್ರಿ? ಇಡಲೇನ್ರಿ?"

"ಇಡಬ್ಯಾಡ!" ಉಜ್ವಲಾ ಕೂಗಿಯೇಬಿಟ್ಟಳು. "ಪೂನಮನ ಅವ್ವ ನಾನು! ಪೂನಮ! ಪೂನಮ ಎಲ್ಲಿ ಅದಾಳ? ನನ್ನ ಪೂನಮ ಹೆಂಗದಾಳ?"

ವರ್ಷದಿಂದ ಓಣಿಯಲ್ಲಿ ಯಾರೂ ಎತ್ತದ ಹೆಸರು ಮಾಳಿಗೆಯಿಂದ ಮಾಳಿಗೆಗೆ ಹೋಯಿತು. ಗೊಬ್ಬರದ ಮಾತು ನಿಂತಿತು. ಅಂಗಳದ ಸದ್ದೂ ನಿಂತಿತು.

"ವೈನಿ..." ಎಂದಳು ಸುಂದರಾ. ಆಮೇಲೆ ಒಂದೇ ಉಸಿರಿಗೆ, "ಹಡದಾಳ್ರಿ, ಹೆಣ್ಣ ಕೂಸ. ಕೂಸ ಚಲೋ ಐತಿ. ಅಕಿಗೆ ರಗತ ನಿಂದ್ರವಲ್ದು. ಮಿರಜಿಗೆ ಒಯ್ರಿ ಅಂದಾರ, ಗಾಡಿ ಬಂದೈತಿ. ರಾತ್ರಿಯೆಲ್ಲಾ ನಿಮಗ ಫೋನ್ ಹಚ್ಚಿದ್ಳ್ರಿ. ಅವ್ವ ಮಾತಾಡ್ತೇನಿ ಅಂದಾಳ, ಮತ್ತೊಮ್ಮೆ ಹಚ್ಚರಿ, ಮತ್ತೊಮ್ಮೆ ಹಚ್ಚರಿ ಅಂತ..."

ಮಾತು ಅರ್ಧಕ್ಕೆ ಕಡಿಯಿತು. ಫೋನು ಮತ್ತೆ ಆಚೆಯ ಟಾವರು ಹುಡುಕತೊಡಗಿತು.

ಉಜ್ವಲಾ ಮೆಟ್ಟಿಲ ಬಾಯಿಗೆ ಬಂದಾಗ ಕೆಳಗೆ ಕಾಳವ್ವ ನಿಂತಿದ್ದಳು. ತಲೆ ಮೇಲೆತ್ತಲಿಲ್ಲ. ಗೋಡೆಗೆ ಹೇಳುವವಳಂತೆ ಕೇಳಿದಳು.

"ಹೆಣ್ಣೋ, ಗಂಡೋ?"

"ಹೆಣ್ಣ."

"ಹಡದಾಕಿ?"

"ಮಿರಜಿಗೆ ಒಯ್ಯಾಕತ್ತಾರ."

ಕಾಳವ್ವ ಸೆರಗಿನಿಂದ ಬಾಯಿ ಒತ್ತಿಕೊಂಡಳು. ಅಷ್ಟರಲ್ಲಿ ಹಿತ್ತಲ ಕಡೆಯಿಂದ ಸದ್ದು ಬಂತು. ತಣ್ಣೀರು, ಕಲ್ಲಿನ ಮೇಲೆ. ಒಂದು ತಂಬಿಗೆ. ಸ್ವಲ್ಪ ತಡೆದು ಇನ್ನೊಂದು.

ಇಬ್ಬರೂ ಕೇಳಿಸಿಕೊಂಡರು.

"ಈಗ ಯಾರ ಸತ್ರಂತ ಅತ್ತಿ?" ಎಂದಳು ಉಜ್ವಲಾ.

ಕಾಳವ್ವ ಪಡಸಾಲೆಯ ಕಡೆ ಕೈ ಮಾಡಿದಳು. "ಹಿತ್ತಲಕ್ಕ ಹೋಗಬ್ಯಾಡ," ಎಂದಳು. "ಮುಂದಿನ ಬಾಗಲಲೆ ಹೋಗು. ತಿರುಗಿ ಬರೂದರ ಮಾತ ನಾ ಏನೂ ಹೇಳಂಗಿಲ್ಲ. ನನ್ನ ಕೈಯಾಗಿಲ್ಲ ಅದು."

ಉಜ್ವಲಾ ಇಳಿದಳು. ಒಳಗೆ ಕಾಲಿಟ್ಟೊಡನೆ ರೇಂಜು ಹೋಯಿತು. ಅಡುಗೆಮನೆ, ನಡುಮನೆ, ಪಡಸಾಲೆ. ಇಷ್ಟು ದಾಟುವವರೆಗೆ ಮಗಳು ಇದ್ದಾಳೋ ಇಲ್ಲವೋ ತಿಳಿಯುವ ಹಾದಿಯಿರಲಿಲ್ಲ. ಪಡಸಾಲೆಯಲ್ಲಿ ಫೋಟೊದ ಮಾಲೆ ಒಣಗಿತ್ತು. ಅಮಾವಾಸ್ಯೆಗೆ ತಾನೇ ಏರಿಸಿದ ಮಾಲೆ. ಅವಳು ನಿಲ್ಲಲಿಲ್ಲ, ಅತ್ತ ನೋಡಲೂ ಇಲ್ಲ. ಬಾಗಿಲ ಬಳಿ ಚಪ್ಪಲಿಗೆ ತಡಕಾಡಿ, ಸಿಗದೆ, ಬರಿಗಾಲಲ್ಲೇ ಹೊಸ್ತಿಲು ದಾಟಿದಳು.

ಅಂಗಳದಲ್ಲಿ ಮಸೆದ ಕತ್ತರಿಗಳು ಸಾಲಾಗಿ ಬಿದ್ದಿದ್ದವು. ಬಿಸಿಲಿಗೆ ಪರದೆ ಕಾಣದೆ ಫೋನನ್ನು ಸೆರಗಿನ ನೆರಳಿಗೆ ಹಿಡಿದು, ರೇಂಜಿನ ಗೆರೆ ಮೂಡುವುದನ್ನೇ ನೋಡುತ್ತ ಬಸ್ ಸ್ಟ್ಯಾಂಡಿನ ದಾರಿ ಹಿಡಿದಳು. ಗೆರೆ ಇನ್ನೂ ಮೂಡಿರಲಿಲ್ಲ. ಬೆನ್ನ ಹಿಂದೆ ನೀರಿನ ಸದ್ದು ನಿಂತಿರಲಿಲ್ಲ.