ತಮ್ಮನ ತೂಕ

ಅದು ಶುರುವಾದದ್ದು ಬೇಸಿಗೆ ಮುಗಿಯುತ್ತ ಬಂದ ದಿನಗಳಲ್ಲಿ, ಇನ್ನೂ ಬೆಳಕು ಹರಿಯದ ಒಂದು ಮುಂಜಾನೆ. ಹಗಲಿನ ಸೆಕೆ ಗೋಡೆಗಳಿಂದ ಇನ್ನೂ ಪೂರ್ತಿ ಇಳಿದಿರಲಿಲ್ಲ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಗುಂಡ ಮಂಚದ ಅಂಚಿಗೆ ಕೂತು ಹೊಸ ಬೂಟಿನ ದಾರ ಕಟ್ಟಲು ಬಗ್ಗಿದ. ಹೊಟ್ಟೆ ಅಡ್ಡ ಬಂತು. ಉಸಿರು ಕಟ್ಟಿತು. ನೆಟ್ಟಗಾಗಿ ಕೂತು ಸುಧಾರಿಸಿಕೊಂಡು ಮತ್ತೆ ಬಗ್ಗಿದ. ಕೊನೆಗೆ ಅವನ ಅಕ್ಕ ಒಳಗಿನಿಂದ ಬಂದು, ನೆಲದ ಮೇಲೆ ಕೂತು, ಎರಡೂ ಕಾಲಿನ ದಾರ ಕಟ್ಟಿಕೊಟ್ಟಳು.

"ನಲವತ್ತು ದಾಟಿದ ಮಗು," ಅಂದಳು.

"ನಗಬೇಡ ಅಕ್ಕ. ನಿನಗೋಸ್ಕರ ತಾನೆ ಹೊರಟಿರೋದು."

"ಗೊತ್ತು ಕಣೋ. ಹೋಗಿ ಬಾ, ಮೆಟ್ಟಿಲು ನೋಡ್ಕೊಂಡು ಇಳಿ."

ಅಕ್ಕನ ಎರಡೂ ಕಿಡ್ನಿ ಕೈಕೊಟ್ಟು ವರ್ಷವಾಗುತ್ತ ಬಂದಿತ್ತು. ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ, ಮೈಯ ರಕ್ತವನ್ನೆಲ್ಲ ಮಿಷಿನ್ನಿಗೆ ಕೊಟ್ಟು, ತೊಳೆಸಿಕೊಂಡು ಬರಬೇಕು. ಉಪ್ಪಿಲ್ಲ, ಹಣ್ಣಿಲ್ಲ, ಬಾಯಾರಿದರೆ ಒಂದು ತುಂಡು ಮಂಜುಗಡ್ಡೆ ಚೀಪಬೇಕು. ಒಡಹುಟ್ಟಿದವರು ಒಂದು ಕಿಡ್ನಿ ಕೊಟ್ಟರೆ ಈ ಪಾಡು ತಪ್ಪುತ್ತದೆ ಅಂದರು ಆಸ್ಪತ್ರೆಯಲ್ಲಿ. ಒಡಹುಟ್ಟಿದವನು ಅಂತ ಇದ್ದವನು ಗುಂಡ ಒಬ್ಬನೇ. ರಕ್ತ ನೋಡಿದರು, ಹೊಂದಿತು. ಎಲ್ಲಾ ಹೊಂದಿತು, ಅವನ ಮೈಯೊಂದು ಬಿಟ್ಟು.

"ಈ ಮೈ ಇಟ್ಟುಕೊಂಡು ಬಂದರೆ ನಾನು ಕತ್ತಿ ಮುಟ್ಟೋದಿಲ್ಲ," ಅಂದಿದ್ದರು ಡಾಕ್ಟರಮ್ಮ. "ಇಪ್ಪತ್ತು ಕಿಲೋ ಇಳಿಸಿ ಬನ್ನಿ. ಅಲ್ಲಿವರೆಗೆ ಅಕ್ಕನ್ನ ಮಿಷಿನ್ನು ನೋಡ್ಕೊಳ್ಳುತ್ತೆ. ಆದ್ರೆ ಬಹಳ ದಿನ ನೋಡ್ಕೊಳ್ಳಲ್ಲ, ಅದು ನೆನಪಿರಲಿ."

ಗುಂಡನ ಕೆಲಸವೂ ತೂಕದ್ದೇ. ಊರಾಚೆಯ ಹೆದ್ದಾರಿಯ ಬದಿಯಲ್ಲಿ ಲಾರಿಗಳನ್ನು ತೂಗುವ ಕಬ್ಬಿಣದ ಕಟ್ಟೆಯಿತ್ತು. ಲಾರಿ ಬಂದು ಅದರ ಮೇಲೆ ನಿಲ್ಲುವುದು, ಪಕ್ಕದ ಗೂಡಿನಂಥ ಕೋಣೆಯಲ್ಲಿ ಕೂತ ಗುಂಡ ಚೀಟಿ ಹರಿದು ಕೊಡುವುದು. ವ್ಯಾಯಾಮದ ಸುದ್ದಿ ಕಿವಿಯಿಂದ ಕಿವಿಗೆ ಹೋದ ಮೇಲೆ ಡ್ರೈವರುಗಳಿಗೆ ಹಬ್ಬವಾಯಿತು.

"ಗುಂಡಣ್ಣ, ಕಟ್ಟೆ ಹತ್ರ ಬರಬೇಡಪ್ಪೋ, ನನ್ನ ಲಾರಿ ಓವರ್‌ಲೋಡ್ ಅಂತ ಬರ್ತದೆ!" ಅನ್ನುತ್ತಿದ್ದ ಮರಳು ಲಾರಿಯ ಡ್ರೈವರು, ಎಲ್ಲರ ಬಾಯಲ್ಲಿ ಮೀಸೆ.

"ನಿನ್ನ ಮೀಸೆ ಬೋಳಿಸು, ಸರಿಹೋಗ್ತದೆ," ಅನ್ನುತ್ತಿದ್ದ ಗುಂಡ. ಅವರ ಜೊತೆ ನಗುತ್ತಿದ್ದ. ಎಳವೆಯಿಂದ ಹೀಗೆ ಆಡಿಕೊಳ್ಳುವವರ ನಡುವೆಯೇ ಬೆಳೆದವನು.

ಅವನು ಕಳ್ಳಾಟ ಆಡಲಿಲ್ಲ. ಬೆಳಿಗ್ಗೆ ನೀರಿನ ಟ್ಯಾಂಕಿನ ಸುತ್ತ ನಡೆದ, ಸಂಜೆ ಬಸ್ಸು ಬಿಟ್ಟು ನಡೆದ. ತೊಡೆ ಉಜ್ಜಿ ಉಜ್ಜಿ ಹುಣ್ಣಾಯಿತು, ಎಣ್ಣೆ ಹಚ್ಚಿಕೊಂಡು ನಡೆದ. ಅನ್ನ ಬಿಟ್ಟ, ಸಿಹಿ ಬಿಟ್ಟ, ಬೇಕರಿಯ ಮುಂದೆ ರಸ್ತೆ ದಾಟಿ ಆಚೆ ಬದಿಗೆ ಹೋಗುವುದನ್ನು ಕಲಿತ. ಅಕ್ಕ ಮಾಡಿಕೊಟ್ಟ ತರಕಾರಿ ಸೂಪನ್ನು ಫ್ಲಾಸ್ಕಿನಲ್ಲಿ ಒಯ್ದು, ಮಧ್ಯಾಹ್ನ ಬಿಸಿಬಿಸಿಯಾಗಿ ಅದನ್ನೇ ಕುಡಿಯುತ್ತಿದ್ದ. ರಾತ್ರಿಯೂ ಅದೇ. ಗಟ್ಟಿಯಾಗಿ, ನುಣ್ಣಗೆ, ನಾಲಿಗೆಗೆ ಹಿತವಾಗಿರುತ್ತಿತ್ತು. "ಏನೇ ಹಾಕ್ತೀಯ ಇದಕ್ಕೆ?" ಅಂದರೆ "ಕುಂಬಳಕಾಯಿ ಕಣೋ, ಅದಕ್ಕೇ ಗಟ್ಟಿ," ಅನ್ನುತ್ತಿದ್ದಳು.

ಮೊದಲ ತಿಂಗಳು ಒಂದು ಕಿಲೋ ಇಳಿಯಿತು. ಎರಡನೆಯ ತಿಂಗಳು ಮುಳ್ಳು ನಿಂತಲ್ಲೇ ನಿಂತಿತು. ಅದರ ಮುಂದಿನ ತಿಂಗಳು ಇಳಿದದ್ದೂ ವಾಪಸು ಬಂತು, ಜೊತೆಗೆ ಇನ್ನಷ್ಟು ಕರೆದುಕೊಂಡು ಬಂತು.

ಅಕ್ಕನೂ ಪಕ್ಕದಲ್ಲಿ ಕೂತಿದ್ದಳು. ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಿ, ಹೆದರಿಕೆ ಎಲ್ಲರಿಗೂ ಇರುತ್ತೆ. ಕೊಡೋಕೆ ಮನಸ್ಸಿಲ್ಲ ಅಂದ್ರೆ ಹೇಳಿಬಿಡಿ. ಯಾರೂ ಬೈಯಲ್ಲ. ಸುಮ್ನೆ ಅಕ್ಕನಿಗೆ ಆಸೆ ತೋರಿಸಬೇಡಿ."

ಆ ಮಾತು ಗುಂಡನಿಗೆ ಒಳಗೆಲ್ಲೋ ನಾಟಿಕೊಂಡಿತು. ಅವನಿಗೆ ಹೆದರಿಕೆ ಇದ್ದದ್ದು ನಿಜ. ಕತ್ತಿಯ ಯೋಚನೆ ಬಂದರೆ ಎದ್ದು ಹೋಗಿ ದೀಪ ಹಾಕಿಕೊಳ್ಳುತ್ತಿದ್ದ. ಹಾಗಾದರೆ ನನ್ನ ಮೈಗೆ ನನಗಿಂತ ಮೊದಲು ಗೊತ್ತಾಗಿರಬೇಕು, ಒಳಗೊಳಗೇ ನಾನು ಹೇಡಿ ಅಂತ, ಅದಕ್ಕೇ ಈ ಕೊಬ್ಬನ್ನು ಅಪ್ಪಿಕೊಂಡು ಕೂತಿದೆ ಅಂದುಕೊಂಡ. ಮರುದಿನ ಏಳಲು ಮನಸ್ಸಾಗಲಿಲ್ಲ. ಎದ್ದ. ಅದರ ಮರುದಿನ ಏಳಲಿಲ್ಲ. ಆಮೇಲೆ ಎದ್ದರೊಂದು ದಿನ, ಬಿಟ್ಟರೊಂದು ದಿನ. ನಡೆಯುವಾಗ ಬೀದಿನಾಯಿ ತಲೆಯೆತ್ತಿ ನೋಡಿದರೂ ನನ್ನನ್ನೇ ಆಡಿಕೊಳ್ಳುತ್ತಿದೆ ಅನ್ನಿಸುತ್ತಿತ್ತು.

ಅಕ್ಕ ಮಾತ್ರ ಒಂದು ದಿನವೂ ಬೈಯಲಿಲ್ಲ. "ಆಗದಿದ್ರೆ ಬಿಡೋ. ಮಿಷಿನ್ನು ಇದೆಯಲ್ಲ," ಅನ್ನುತ್ತ ಸೂಪಿನ ಬಟ್ಟಲು ಮುಂದಿಡುತ್ತಿದ್ದಳು.

ಚಳಿಗಾಲ ಬಂತು. ಒಂದು ದಿನ ಲಾರಿಗಳ ಸಾಲು ಹೆದ್ದಾರಿಯ ತಿರುವಿನವರೆಗೂ ನಿಂತಿತ್ತು. ಸೂಪನ್ನು ಬಟ್ಟಲಿಗೆ ಬಗ್ಗಿಸಿಟ್ಟು ಚೀಟಿ ಹರಿಯಲು ಕೂತ ಗುಂಡನಿಗೆ ಅದನ್ನು ಬಾಯಿಗಿಡಲು ಪುರುಸೊತ್ತಾದದ್ದು ಹೊತ್ತು ಇಳಿದ ಮೇಲೆ. ನೋಡಿದರೆ ಬಟ್ಟಲಿನ ಮೇಲೆ ಬೆಳ್ಳಗೆ ಒಂದು ಪದರ ಹೆಪ್ಪುಗಟ್ಟಿತ್ತು. ಬೆರಳಿನಿಂದ ಒತ್ತಿದ. ಮೇಣದ ಹಾಗೆ ಒಡೆಯಿತು.

ಮೀಸೆ ಚೀಟಿಗಾಗಿ ಒಳಗೆ ಬಂದವನು ಬಗ್ಗಿ ನೋಡಿದ. ಬೆರಳು ಅದ್ದಿ ನೆಕ್ಕಿದ. "ಇದು ಸೂಪಾ? ಬೆಣ್ಣೆ ಕಣಯ್ಯಾ! ಗೋಡಂಬಿ ಬೇರೆ ಅರೆದು ಹಾಕವ್ರೆ. ಇದನ್ನ ಕುಡಿದ್ರೆ ಬಾಣಂತಿ ಎದ್ದು ಗುದ್ದಲಿ ಹಿಡೀತಾಳೆ! ಇದನ್ನ ಕುಡ್ಕೊಂಡು ಸಣ್ಣ ಆಗ್ತೀನಿ ಅಂತೀಯಾ?" ಅಂದು ಹೊಟ್ಟೆ ಹಿಡಿದುಕೊಂಡು ನಕ್ಕ.

ಗುಂಡ ನಗಲಿಲ್ಲ. ಮೊದಲು ಅವನಿಗಾದದ್ದು ಸಮಾಧಾನ. ತಪ್ಪು ನನ್ನದಲ್ಲ, ನಾನು ಹೇಡಿಯಲ್ಲ ಅನ್ನುವುದು ಮೈಗೆಲ್ಲ ತಂಪಾಗಿ ಹರಿಯಿತು. ಆ ತಂಪು ಆರುವ ಮೊದಲೇ ಹಿಂದಿನಿಂದ ಸಿಟ್ಟು ಬಂತು.

ಮನೆಗೆ ಬಂದಾಗ ಅಕ್ಕ ಬೀನ್ಸಿನ ನಾರು ತೆಗೆಯುತ್ತಿದ್ದಳು. ಗುಂಡ ಬಟ್ಟಲನ್ನು ಹಾಗೇ ತಂದಿದ್ದ. ಅವಳ ಮುಂದಿಟ್ಟ. ಅವಳು ನೋಡಿದಳು. ಬೀನ್ಸು ಬಿಡಿಸುತ್ತಿದ್ದ ಕೈ ನಿಂತಿತು.

"ಚಳಿಗೆ ಹೆಪ್ಪುಗಟ್ಟಿದೆ," ಅಂದಳು, ಯಾರದೋ ಮನೆಯ ಸುದ್ದಿ ಹೇಳುವ ಹಾಗೆ.

"ಯಾವಾಗಿಂದ?"

"ನೀನು ಬೂಟು ತಂದ ದಿನದಿಂದ."

"ನಾನು ಹೇಡಿ ಅಂದ್ಕೊಂಡಿದ್ದೆ ಅಕ್ಕಾ! ಡಾಕ್ಟರಮ್ಮನ ಮುಂದೆ ತಲೆ ತಗ್ಗಿಸಿ ನಿಂತಿದ್ದೆ, ನೀನು ಪಕ್ಕದಲ್ಲೇ ಕೂತಿದ್ದೆ, ಬಾಯಿ ಬಿಡಲಿಲ್ಲ! ನಿನ್ನ ಆಯಸ್ಸಿಗೆ ನೀನೇ ಬೆಣ್ಣೆ ಹಾಕ್ತಿದ್ದೀಯಲ್ಲೇ!"

ಅಕ್ಕ ಸೆರಗಿನಿಂದ ಕೈ ಒರೆಸಿಕೊಂಡಳು. ಬಹಳ ಹೊತ್ತು ಒರೆಸಿದಳು.

"ಅಮ್ಮನ್ನ ಹೆರಿಗೆಗೆ ಅಂತ ಕೊಯ್ಯೋಕೆ ಒಳಗೆ ಕರ್ಕೊಂಡು ಹೋದ್ರು," ಅಂದಳು. "ನಾನು ಬಾಗಿಲ ಹೊರಗೆ ಕೂತಿದ್ದೆ, ಹನ್ನೆರಡು ವರ್ಷದೋಳು. ಒಳಗೆ ಹೋದೋರು ಇಬ್ಬರು. ಹೊರಗೆ ಬಂದಿದ್ದು ನೀನೊಬ್ಬನೇ. ನರ್ಸು ತಂದು ನನ್ನ ಮಡಿಲಿಗೆ ಹಾಕಿದ್ಲು, ಹಿಡ್ಕೋ ಅಂದ್ಲು. ಅವತ್ತು ಹಿಡ್ಕೊಂಡೋಳು ಕಣೋ. ಈಗ ಅದೇ ಬಾಗಿಲೊಳಗೆ ನಿನ್ನ ಹೇಗೋ ಕಳಿಸ್ಲಿ?"

ಗುಂಡ ಬಟ್ಟಲನ್ನು ಎತ್ತಿ ಬಚ್ಚಲಿಗೆ ಸುರಿದು ಬಂದ. ಇದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಅಕ್ಕ ಮದುವೆಯಾಗಲಿಲ್ಲ. ಕೇಳಿಕೊಂಡು ಬಂದವರಿಗೆಲ್ಲ "ಮಗುವೂ ಜೊತೆಗೆ ಬರುತ್ತೆ" ಅನ್ನುತ್ತಿದ್ದಳಂತೆ. ಬಂದವರು ಚಪ್ಪಲಿ ಹುಡುಕುತ್ತಿದ್ದರಂತೆ. ಹೋಟೆಲಿನ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕಿ ಅವನನ್ನು ಸಾಕಿದಳು. ಅವನು ತಿಂದರೆ ಅವಳಿಗೆ ನಿದ್ದೆ. ಅವನ ಈ ಮೈ ಅವಳ ಕೈಯ ದುಡಿಮೆಯೇ.

ಅಂದಿನಿಂದ ಅವನು ತನ್ನ ಅಡುಗೆ ತಾನೇ ಮಾಡಿಕೊಂಡ. ಮನೆಯಲ್ಲಿ ಮಾತು ನಿಂತಿತು. ಅಕ್ಕ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ನೋಡುವಳು. ಪಾತ್ರೆ ಸೀದು ವಾಸನೆ ಬಂದ ದಿನ ತಡೆಯಲಾರದೆ ಅಂದಳು, "ಎಲೆಕೋಸು ಬೇಯಿಸ್ತಿದ್ದೀಯೋ, ಸಾಕ್ಸು ಬೇಯಿಸ್ತಿದ್ದೀಯೋ?"

"ಎರಡರ ರುಚಿಯೂ ಒಂದೇ, ಬಾಯಿ ಮುಚ್ಕೊಂಡಿರು."

ಅಷ್ಟೇ ಮಾತು. ಅವನು ಮತ್ತೆ ಮುಖ ತಿರುಗಿಸಿಕೊಂಡ.

ಒಂದು ಬೆಳಿಗ್ಗೆ ಮಂಜಿನಲ್ಲಿ ಹಳ್ಳ ಕಾಣದೆ ಬಿದ್ದು, ಮೊಣಕಾಲು ತರಚಿಸಿಕೊಂಡು ಬಂದ. ಅಕ್ಕ ಬಿಸಿನೀರು ತಂದು ತೊಳೆದಳು. ತೊಳೆಯುತ್ತಿದ್ದ ಅವಳ ಕೈಯನ್ನು ಅವನು ಹಿಡಿದ. ಮಿಷಿನ್ನಿನ ಸೂಜಿ ಚುಚ್ಚಲು ಎರಡು ರಕ್ತನಾಳ ಕೂಡಿಸಿ ಹೊಲಿದಿದ್ದ ಆ ಕೈ ಒಳಗೊಳಗೇ ಜೇನುಹುಳ ಹೊಕ್ಕ ಹಾಗೆ ಗುಂಯ್‌ಗುಡುತ್ತಿತ್ತು.

"ಅಕ್ಕ, ನೀನು ಹೋದ ಮೇಲೆ ನಾನು ಎರಡೂ ಕಿಡ್ನಿ ಇಟ್ಕೊಂಡು ಏನು ಮಾಡ್ಲಿ? ಈ ಮನೇಲಿ ಒಬ್ಬನೇ ಕೂತು ಉಣ್ಲಿ ಅಂತಾನಾ ಸಾಕಿದ್ದು?"

ಅಕ್ಕ ಕೈ ಬಿಡಿಸಿಕೊಂಡು ಗಾಯ ಒರೆಸಿದಳು. ಆದರೆ ಮರುದಿನ ಅವನು ಹೊರಡುವಾಗ ಶಾಲು ಹೊದ್ದುಕೊಂಡು ಬಾಗಿಲಲ್ಲಿ ನಿಂತಿದ್ದಳು. "ನಾನೂ ಬರ್ತೀನಿ. ನೀನು ನಡೀತೀಯೋ, ಬೇಕರಿ ಮುಂದೆ ನಿಂತಿರ್ತೀಯೋ, ಕಣ್ಣಾರೆ ನೋಡ್ಬೇಕು."

ಟ್ಯಾಂಕಿನ ಹತ್ತಿರ ಒಂದು ಮೋರಿಯ ಕಟ್ಟೆಯಿತ್ತು. ಅಲ್ಲಿ ಕೂತಳು. ಅವನು ಒಂದೊಂದು ಸುತ್ತು ಬರುವಾಗಲೂ ಬೀದಿಗೆಲ್ಲ ಕೇಳುವ ಹಾಗೆ ಕೂಗು: "ಏನೋ ಅದು, ಎಮ್ಮೆ ಕೆರೆಗೆ ಹೊರಟ ಹಾಗೆ! ಕಾಲೆತ್ತೋ! ಹಿಂದೆ ನಾಯಿ ಬಂದಿದೆ ಅಂದ್ಕೋ!"

"ನಾಯಿಗಿಂತ ನೀನೇ ಸಾಕು ಮಾರಾಯ್ತಿ!"

ಪೇಪರು ಹಾಕುವವನು ಸೈಕಲ್ಲು ನಿಲ್ಲಿಸಿ ನಗುವನು. ಎದುರು ಮನೆಯ ಮುದುಕಿ ಕಿಟಕಿ ತೆಗೆದು, "ಇವತ್ತು ನಿನ್ನೆಗಿಂತ ಜೋರಿದ್ದಾನೆ ಕಣಮ್ಮ," ಅಂತ ತೀರ್ಪು ಕೊಡುವಳು. ಅಕ್ಕನ ಕೆನ್ನೆಗೆ ಬಣ್ಣ ಬಂದ ಹಾಗೆ ಕಾಣುತ್ತಿತ್ತು. ಗುಂಡನಿಗೆ ಆಮೇಲೆ ಏಳುವುದು ಕಷ್ಟವೆನಿಸಲಿಲ್ಲ. ಅವಳ ಬೈಗುಳ ಬೆನ್ನಿಗಿದ್ದರೆ ಕಾಲು ತಾನಾಗಿ ಹೋಗುತ್ತಿತ್ತು. ಹೊಟ್ಟೆ ಕರಗಿತು. ಪ್ಯಾಂಟು ಜಾರಿತು. ಬೆಲ್ಟಿಗೆ ಅಕ್ಕನೇ ಮೊಳೆ ಕಾಯಿಸಿ ಹೊಸ ತೂತು ಮಾಡಿಕೊಟ್ಟಳು.

ಬಿಸಿಲು ಮತ್ತೆ ಬಲಿತ ಹೊತ್ತಿಗೆ ಡಾಕ್ಟರಮ್ಮ ಹೇಳಿದಷ್ಟೂ ಇಳಿದಿತ್ತು. ಆಸ್ಪತ್ರೆಯ ತಕ್ಕಡಿಯ ಮೇಲಿಂದ ಇಳಿದ ಗುಂಡ ನರ್ಸಿನ ಮುಂದೆಯೇ ಅಕ್ಕನನ್ನು ತಬ್ಬಿಕೊಂಡ. ಅವಳನ್ನೂ ಮತ್ತೊಮ್ಮೆ ಪೂರ್ತಿ ಪರೀಕ್ಷೆ ಮಾಡಬೇಕು ಅಂದರು. ಒಳಗೆ ಕರೆದೊಯ್ದು ಎದೆಯನ್ನು ನೋಡಿದರು. ಮತ್ತೆ ಇನ್ನೊಬ್ಬರು ಬಂದು ನೋಡಿದರು. ಅವರು ಹೊರಗೆ ಬಂದು ಡಾಕ್ಟರಮ್ಮನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

"ಹೃದಯ ಬಹಳ ಸೋತಿದೆ," ಅಂದರು ಡಾಕ್ಟರಮ್ಮ. ದನಿ ಮೆತ್ತಗಿತ್ತು. "ಆಪರೇಷನ್ ತಡ್ಕೊಳ್ಳಲ್ಲ. ಕಳೆದ ಮಳೆಗಾಲದಲ್ಲೇ ಆಗಿದ್ದಿದ್ರೆ..." ಅಷ್ಟಕ್ಕೆ ನಿಲ್ಲಿಸಿದರು. ನಿಮ್ಮ ಮೈ ನೋಡಿದರೆ ಎಷ್ಟು ಕಷ್ಟಪಟ್ಟಿದ್ದೀರಿ ಅಂತ ಗೊತ್ತಾಗುತ್ತೆ, ಅವತ್ತು ನಾನು ಆಡಿದ ಮಾತು ಮರೆತುಬಿಡಿ ಅಂದರು.

ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತಳು.

"ಡಾಕ್ಟರಮ್ಮ ಅರ್ಧಕ್ಕೆ ನುಂಗಿದ ಮಾತು ಕೇಳಿಸ್ತಾ ನಿನಗೆ?" ಅಂದಳು.

"ಇಲ್ಲ."

"ಸುಳ್ಳು ಹೇಳಬೇಡ. ನಾನು ಮಾಡ್ಕೊಂಡಿದ್ದು ಇದು. ನೀನು ತಲೆಗೆ ಹಚ್ಕೋಬೇಡ." ಕಿಟಕಿಯ ಕಡೆ ತಿರುಗಿ ಅವಳೇ ಅಂದಳು, "ಬೆಣ್ಣೆ ಹಾಕೋವಾಗ ನನಗೆ ಸಾಯೋ ಹೆದರಿಕೆ ಇರಲಿಲ್ಲ ಕಣೋ ಗುಂಡ. ಸಾಕಾಗಿತ್ತು. ಮೋರಿ ಕಟ್ಟೆ ಮೇಲೆ ಕೂತು ನಿನ್ನ ಬೈಯೋಕೆ ಶುರು ಮಾಡಿದ ಮೇಲೆ ಇನ್ನೊಂದಿಷ್ಟು ದಿನ ಇರಬೇಕು ಅನ್ನಿಸ್ತು. ಈಗ ಹೆದರಿಕೆ ಆಗ್ತಿದೆ."

ಗುಂಡ ಅವಳ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡ. ಕಂಡಕ್ಟರು ಟಿಕೆಟ್ ಕೇಳಲು ಬಂದವನು ಇಬ್ಬರ ಮುಖ ನೋಡಿ ಮುಂದೆ ಹೋದ.

ಮರುದಿನ ಗುಂಡ ಏಳಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದ್ದ. ಅಕ್ಕ ಬಂದು ಹೊದಿಕೆ ಎಳೆದಳು.

"ಇನ್ಯಾಕೆ ಅಕ್ಕ? ಯಾರಿಗೆ ಕೊಡೋದಕ್ಕೆ ಇಳಿಸ್ಲಿ?"

"ನನಗೆ ನೋಡೋಕೆ ಬೇಕು. ಏಳು."

ಅವನು ಎದ್ದ. ಅಂದಿನಿಂದ ಅವನು ನಡೆದದ್ದು ಅವಳು ನೋಡಲಿ ಅಂತ. ತೂಕದ ಮಾತು ಇಬ್ಬರೂ ಎತ್ತಲಿಲ್ಲ. ಮಳೆ ಹಿಡಿದ ಮೇಲೆ ಅವಳಿಗೆ ತಾನಾಗಿ ಮೆಟ್ಟಿಲು ಇಳಿಯಲಾಗಲಿಲ್ಲ; ಆಸ್ಪತ್ರೆಯ ದಿನಗಳಲ್ಲಿ ಗುಂಡನೇ ಎತ್ತಿಕೊಂಡು ಇಳಿಸುತ್ತಿದ್ದ. ಆಗ ಅವನು ಟ್ಯಾಂಕಿನ ಕಡೆ ಹೋಗುವುದನ್ನು ಬಿಟ್ಟು, ಕೊಡೆ ಹಿಡಿದು ಮನೆಯ ಕೆಳಗಿನ ಬೀದಿಯಲ್ಲೇ ಆ ತುದಿಯಿಂದ ಈ ತುದಿಗೆ ನಡೆದ. ಮೇಲಿನ ಕಿಟಕಿಯಲ್ಲಿ ಅವಳು ಕೂತಿರುತ್ತಿದ್ದಳು. ಕೂಗಲು ಉಸಿರು ಸಾಲದೆ ಕೈ ಬೀಸುತ್ತಿದ್ದಳು, ಬೇಗ ಬೇಗ ಅಂತ.

ಒಂದು ಮಂಗಳವಾರ ಅವಳು ಕಿಟಕಿಗೆ ಬರಲಿಲ್ಲ, ಮಂಚದಿಂದಲೇ, "ಹೋಗು, ನಿನ್ನ ಕಾಲಿನ ಸಪ್ಪಳ ನನಗೆ ಗೊತ್ತು, ಇಲ್ಲಿಂದಲೇ ಕೇಳಿಸ್ಕೋತೀನಿ," ಅಂದಳು. ಅವನು ಕಾಲು ಅಪ್ಪಳಿಸಿ ಅಪ್ಪಳಿಸಿ ನಡೆದ. ಅಕ್ಕ ಹೋದದ್ದು ಮರುದಿನ, ಬುಧವಾರ ಮಧ್ಯಾಹ್ನ.